ತುಟಿಯಲ್ಲಿದ್ದ ವಿದ್ಯೆ

1734ರ ಅಕ್ಟೋಬರ್ 5ರ ರಾತ್ರಿ. ಜರ್ಮನಿಯ ಲೈಪ್‌ಜಿಗ್ ನಗರದ ಮಾರುಕಟ್ಟೆ ಚೌಕದಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ನೂರಾರು ಪಂಜುಗಳನ್ನು ಹಿಡಿದು ನಿಂತಿದ್ದರು. ಸ್ಯಾಕ್ಸನಿಯ ದೊರೆ ಮೂರನೆಯ ಆಗಸ್ಟಸ್ ಪೋಲೆಂಡಿನ ರಾಜನಾಗಿ ಆಯ್ಕೆಯಾಗಿ ಅಂದಿಗೆ ಒಂದು ವರ್ಷ. ರಾಜ, ರಾಣಿ ಇಬ್ಬರೂ ಊರಿಗೆ ಬಂದಿದ್ದರು. ಅವರ ಗೌರವಾರ್ಥ ಯೊಹಾನ್ ಸೆಬಾಸ್ಟಿಯನ್ ಬಾಖ್ ತರಾತುರಿಯಲ್ಲಿ ಸಿದ್ಧಪಡಿಸಿದ ಕೃತಿಯೊಂದು ಆ ಬಯಲಿನಲ್ಲಿ ಮೊಳಗಿತು. ಹಾಡುಗಾರರು, ಪಿಟೀಲು, ಕೊಳಲು, ನಗಾರಿ ಎಲ್ಲವೂ ಇದ್ದವು. ಎಲ್ಲಕ್ಕಿಂತ ಮೇಲೆ ಮೂರು ಟ್ರಂಪೆಟ್‌ಗಳ ದನಿಯಿತ್ತು.

ಮರುದಿನ, ಲೈಪ್‌ಜಿಗ್‌ನ ಹಿರಿಯ ಟ್ರಂಪೆಟ್ ವಾದಕ ಗಾಟ್‌ಫ್ರೀಡ್ ರೈಖೆ ತನ್ನ ಮನೆಯ ಹತ್ತಿರದ ಓಣಿಯಲ್ಲಿ ಕುಸಿದು ಬಿದ್ದು ಪ್ರಾಣ ಬಿಟ್ಟ. ಅವನಿಗೆ ಆಗ 67 ವರ್ಷ. ಊರಿನ ವೃತ್ತಾಂತಕಾರ ಸಾವಿನ ಕಾರಣವನ್ನೂ ಬರೆದಿಟ್ಟಿದ್ದಾನೆ: ಹಿಂದಿನ ರಾತ್ರಿ ರಾಜನೆದುರು ಊದಿದ ಶ್ರಮ ಮತ್ತು ಪಂಜುಗಳ ಹೊಗೆ.

ರೈಖೆಯ ಮುಖ ಹೇಗಿತ್ತೆಂದು ನಮಗೆ ಗೊತ್ತಿದೆ. ಅವನು ಅರವತ್ತರ ಆಸುಪಾಸಿನಲ್ಲಿದ್ದಾಗ ಎಲಿಯಾಸ್ ಗಾಟ್‌ಲಾಬ್ ಹೌಸ್‌ಮನ್ ಎಂಬ ಚಿತ್ರಕಾರ ಅವನ ಭಾವಚಿತ್ರ ಬರೆದಿದ್ದಾನೆ. ಬಾಖ್‌ನ ಜಗತ್ಪ್ರಸಿದ್ಧ ಚಿತ್ರವನ್ನು ಬರೆದವನೂ ಇವನೇ. ಚಿತ್ರದಲ್ಲಿ ರೈಖೆಯ ಒಂದು ಕೈಯಲ್ಲಿ ಸಂಗೀತ ಬರೆದ ಹಾಳೆ ಇದೆ, ಇನ್ನೊಂದರಲ್ಲಿ ಹಾವಿನಂತೆ ಸುರುಳಿ ಸುತ್ತಿದ ಹಿತ್ತಾಳೆಯ ಕೊಳವೆ. ಎಷ್ಟು ಹುಡುಕಿದರೂ ಆ ಕೊಳವೆಯಲ್ಲಿ ಒಂದು ರಂಧ್ರವಾಗಲಿ, ಒತ್ತುವ ಗುಂಡಿಯಾಗಲಿ ಕಾಣದು. ಒಂದು ತುದಿಯಲ್ಲಿ ಬಾಯಿಗಿಡುವ ಬಟ್ಟಲು, ಇನ್ನೊಂದು ತುದಿಯಲ್ಲಿ ಅರಳಿದ ಬಾಯಿ, ನಡುವೆ ಬರಿಯ ಕೊಳವೆ. ಇದಕ್ಕೇ 'ನ್ಯಾಚುರಲ್ ಟ್ರಂಪೆಟ್' ಅಥವಾ ಸಹಜ ಕಹಳೆ ಎಂದು ಹೆಸರು.

ಇಂಥ ಬರಿಯ ಕೊಳವೆಯಲ್ಲಿ ಬಾಖ್‌ನ ಅತಿ ಕ್ಲಿಷ್ಟ ರಾಗಸಂಚಾರಗಳನ್ನು ರೈಖೆ ಊದುತ್ತಿದ್ದುದಾದರೂ ಹೇಗೆ? ಆ ವಿದ್ಯೆ ಅವನ ಸಾವಿನ ನಂತರ ಎರಡು ತಲೆಮಾರು ಕಳೆಯುವಷ್ಟರಲ್ಲಿ ಯುರೋಪಿನಿಂದಲೇ ಕಣ್ಮರೆಯಾದುದು ಹೇಗೆ? ಈ ಎರಡು ಪ್ರಶ್ನೆಗಳ ನಡುವೆ ಬರೋಕ್ ಯುಗದ, ಅಂದರೆ ಸುಮಾರು 1600ರಿಂದ 1750ರವರೆಗಿನ ಕಾಲದ, ಒಂದು ವಿಶಿಷ್ಟ ಕಲೆಯ ಕಥೆಯಿದೆ.

ಕೊಳವೆಯೊಳಗಿನ ಏಣಿ

ನಮ್ಮ ಊರ ಜಾತ್ರೆ, ಉತ್ಸವಗಳಲ್ಲಿ ಕೊಂಬು ಊದುವುದನ್ನು ಕೇಳಿದವರಿಗೆ ಇದರ ಮೂಲ ತತ್ವ ಹೊಸದಲ್ಲ. ಕೊಂಬಿಗೂ ರಂಧ್ರಗಳಿಲ್ಲ. ಆದರೂ ಊದುವವನು ತುಟಿ ಬಿಗಿಹಿಡಿದಂತೆ ದನಿ ಮೇಲಕ್ಕೆ ಹೋಗುತ್ತದೆ. ಅದು ಜಾರುತ್ತಾ ಹೋಗುವುದಿಲ್ಲ, ಏಣಿಯ ಮೆಟ್ಟಿಲಿಂದ ಮೆಟ್ಟಿಲಿಗೆ ನೆಗೆಯುತ್ತದೆ. ಈ ಮೆಟ್ಟಿಲುಗಳನ್ನು ಮನುಷ್ಯ ಮಾಡಿದ್ದಲ್ಲ. ಕೊಳವೆಯೊಳಗಿನ ಗಾಳಿ ಕಂಪಿಸುವ ರೀತಿಯೇ ಅವನ್ನು ಗೊತ್ತುಮಾಡಿರುತ್ತದೆ. ತಂಬೂರಿಯ ಷಡ್ಜದ ತಂತಿಯನ್ನು ಮೀಟಿದಾಗ ಯಾರೂ ಮೀಟದ ಗಾಂಧಾರ ತಾನಾಗಿ ಕೇಳಿಸುವುದನ್ನು ನಮ್ಮ ಸಂಗೀತಗಾರರು 'ಸ್ವಯಂಭು ಗಾಂಧಾರ' ಎನ್ನುತ್ತಾರಲ್ಲ, ಅದೂ ಇದೇ ಏಣಿಯ ಐದನೆಯ ಮೆಟ್ಟಿಲು. ಭೌತವಿಜ್ಞಾನದಲ್ಲಿ ಇದಕ್ಕೆ ಹಾರ್ಮೋನಿಕ್ ಶ್ರೇಣಿ ಎಂದು ಹೆಸರು.

ಕೊಳವೆಯ ಮೂಲಸ್ವರವನ್ನು ಷಡ್ಜ ಎಂದಿಟ್ಟುಕೊಳ್ಳೋಣ. ಎರಡನೆಯ ಮೆಟ್ಟಿಲು ಮೇಲಿನ ಷಡ್ಜ, ಮೂರನೆಯದು ಪಂಚಮ, ನಾಲ್ಕು ಇನ್ನೂ ಮೇಲಿನ ಷಡ್ಜ, ಐದು ಗಾಂಧಾರ, ಆರು ಪಂಚಮ, ಏಳು ಕೈಶಿಕಿ ನಿಷಾದಕ್ಕಿಂತ ತುಸು ಇಳಿದ ಸ್ವರ, ಎಂಟು ಮತ್ತೆ ಷಡ್ಜ. ಕೆಳಗಿನ ಮೆಟ್ಟಿಲುಗಳ ನಡುವೆ ಅಂತರ ಬಹಳ. ಅಲ್ಲಿ ಸೈನ್ಯಕ್ಕೆ ಕರೆ ಕೊಡಬಹುದು, ರಾಜ ಬಂದನೆಂದು ಸಾರಬಹುದು, ರಾಗ ನುಡಿಸಲಾಗದು. ಆದರೆ ಮೇಲೇರಿದಂತೆ ಮೆಟ್ಟಿಲುಗಳು ಒತ್ತೊತ್ತಾಗುತ್ತವೆ. ಎಂಟರಿಂದ ಹದಿನಾರರವರೆಗಿನ ಸ್ಥಾಯಿಯಲ್ಲಿ ರಿಷಭ, ಗಾಂಧಾರ, ಮಧ್ಯಮ, ಪಂಚಮ, ಧೈವತ, ನಿಷಾದ ಎಲ್ಲವೂ ಸಾಲಾಗಿ ಸಿಗುತ್ತವೆ. ಅಂದರೆ ನಮ್ಮ ಶಂಕರಾಭರಣದ ಸ್ವರಗಳಿಗೆ ಸಮೀಪದ ಒಂದು ಶ್ರೇಣಿ ಅಲ್ಲಿ ತೆರೆದುಕೊಳ್ಳುತ್ತದೆ.

ಈಗಿನ ಬ್ಯಾಂಡ್ ಟ್ರಂಪೆಟ್‌ನ ಕೊಳವೆಯನ್ನು ಬಿಡಿಸಿ ಅಳೆದರೆ ಸುಮಾರು ನಾಲ್ಕೂವರೆ ಅಡಿ. ಬರೋಕ್ ಕಾಲದ ಟ್ರಂಪೆಟ್ ಏಳರಿಂದ ಎಂಟು ಅಡಿ ಇರುತ್ತಿತ್ತು. ಕೊಳವೆ ಉದ್ದವಾದಷ್ಟೂ ಮೂಲಸ್ವರ ತಗ್ಗಿಗಿಳಿಯುತ್ತದೆ. ಹಾಗಾಗಿ ಏಣಿಯ ಒತ್ತೊತ್ತಾದ ಭಾಗ ಮನುಷ್ಯನ ತುಟಿಗೆ ಎಟಕುವ ಎತ್ತರಕ್ಕೆ ಬರುತ್ತದೆ. ಅಷ್ಟುದ್ದದ ಕೊಳವೆ ಬೇಕಾದುದು ಇದಕ್ಕೇ. ಈ ಮೇಲಿನ ಸ್ಥಾಯಿಯನ್ನು 'ಕ್ಲಾರಿನೊ' ಎಂದೂ, ಕೆಳಗಿನ ಗಡಸು ಸ್ಥಾಯಿಯನ್ನು 'ಪ್ರಿನ್ಸಿಪಾಲೆ' ಎಂದೂ ಕರೆಯುತ್ತಿದ್ದರು.

ಆದರೆ ಪ್ರಕೃತಿ ಕೊಟ್ಟ ಏಣಿಯಲ್ಲಿ ಕೆಲವು ಮೆಟ್ಟಿಲುಗಳು ವಕ್ರ. ಹನ್ನೊಂದನೆಯದು ಶುದ್ಧ ಮಧ್ಯಮವೂ ಅಲ್ಲ, ಪ್ರತಿ ಮಧ್ಯಮವೂ ಅಲ್ಲ. ಎರಡರ ನಡುವೆ ಬೀಳುತ್ತದೆ. ಹದಿಮೂರನೆಯದು ಶುದ್ಧ ಧೈವತಕ್ಕೂ ಚತುಶ್ರುತಿ ಧೈವತಕ್ಕೂ ನಡುವಿನದು. ಇದ್ದದ್ದನ್ನು ಇದ್ದಂತೆ ಊದಿದರೆ ಅಪಶ್ರುತಿ. ಅದನ್ನು ತಿದ್ದಲು ವಾದಕನಿಗಿದ್ದ ಸಾಧನ ತುಟಿ ಮತ್ತು ಉಸಿರು, ಅಷ್ಟೇ. ಸ್ವರವನ್ನು ಕೂದಲೆಳೆಯಷ್ಟು ಮೇಲೆ ಎಳೆಯಬೇಕು ಇಲ್ಲವೇ ಕೆಳಗೆ ಬಾಗಿಸಬೇಕು. ಸ್ವಲ್ಪ ಹೆಚ್ಚಾದರೆ ದನಿ ಪಕ್ಕದ ಮೆಟ್ಟಿಲಿಗೆ ಜಾರಿ ಬೀಳುತ್ತದೆ. ಇದನ್ನು ಒಂದೊಂದು ಸೆಕೆಂಡಿಗೆ ಹಲವು ಸ್ವರಗಳು ಓಡುವ ವೇಗದಲ್ಲಿ, ರಾಜನ ಸಮ್ಮುಖದಲ್ಲಿ ಮಾಡಬೇಕಿತ್ತು.

ರಾಜರ ದನಿ, ಸಂಘದ ಬೀಗ

ಇಷ್ಟು ಕಷ್ಟದ ವಿದ್ಯೆಯನ್ನು ಜನ ಕಲಿಯುತ್ತಿದ್ದುದೇಕೆ? ಟ್ರಂಪೆಟ್ ಅಂದು ಬರಿಯ ವಾದ್ಯವಾಗಿರಲಿಲ್ಲ, ಅಧಿಕಾರದ ಚಿಹ್ನೆಯಾಗಿತ್ತು. ಯಾವ ಅರಮನೆಯಲ್ಲಿ ಎಷ್ಟು ಮಂದಿ ಕಹಳೆಯವರು, ಎಷ್ಟು ಜೋಡಿ ನಗಾರಿ ಎಂಬುದರ ಮೇಲೆ ಆ ದೊರೆಯ ಘನತೆಯನ್ನು ಅಳೆಯುತ್ತಿದ್ದರು. ಯುದ್ಧದಲ್ಲಿ ಅಶ್ವದಳಕ್ಕೆ ಆಜ್ಞೆಗಳು ಕಹಳೆಯ ಮೂಲಕವೇ ತಲುಪುತ್ತಿದ್ದವು. ಶತ್ರುಪಾಳೆಯಕ್ಕೆ ಸಂದೇಶ ಒಯ್ಯುವವನೂ ಕಹಳೆಯವನೇ. ಆದ್ದರಿಂದ ಅವನಿಗೆ ಕುದುರೆ, ಒಳ್ಳೆಯ ಉಡುಪು, ಟೋಪಿಗೆ ಉಷ್ಟ್ರಪಕ್ಷಿಯ ಗರಿ ಇತ್ಯಾದಿ ಮರ್ಯಾದೆಗಳಿದ್ದವು.

1623ರಲ್ಲಿ ಚಕ್ರವರ್ತಿ ಎರಡನೆಯ ಫರ್ಡಿನಾಂಡ್ ಕಹಳೆ ಮತ್ತು ನಗಾರಿ ವಾದಕರ ಸಂಘಕ್ಕೆ ವಿಶೇಷ ಹಕ್ಕುಪತ್ರ ನೀಡಿದ. ಸ್ಯಾಕ್ಸನಿಯ ದೊರೆ ಅದರ ರಕ್ಷಕನಾದ. ಶಿಷ್ಯ ಎರಡು ವರ್ಷ ಗುರುವಿನ ಬಳಿ ಇದ್ದು, ದೊಡ್ಡ ಮೊತ್ತದ ಶುಲ್ಕ ತೆತ್ತು ಕಲಿಯಬೇಕು. ಯುದ್ಧಭೂಮಿಯನ್ನು ಕಂಡು ಬಂದವನೇ ಪೂರ್ಣ ಪ್ರಮಾಣದ 'ಕ್ಷೇತ್ರ ಕಹಳೆಗಾರ'. ಸಂಘದ ಹೊರಗಿನವರಿಗೆ ವಿದ್ಯೆ ಹೇಳಿಕೊಡಕೂಡದು, ಹೊರಗಿನವರ ಜೊತೆ ಕೂತು ನುಡಿಸಕೂಡದು. ನಗರಸಭೆಗಳ ಸಂಬಳದ ವಾದ್ಯಗಾರರು ಟ್ರಂಪೆಟ್ ಮುಟ್ಟಿದರೆ ಜಗಳ. ಹ್ಯಾನೋವರ್‌ನಲ್ಲಿ ನಗರವಾದ್ಯಗಾರನೊಬ್ಬ ಮನೆಯಲ್ಲಿ ಟ್ರಂಪೆಟ್ ಅಭ್ಯಾಸ ಮಾಡುತ್ತಿದ್ದುದನ್ನು ಕೇಳಿದ ಅರಮನೆಯ ಕಹಳೆಯವರು ಒಳನುಗ್ಗಿ, ಆ ವಾದ್ಯವನ್ನೇ ಕಿತ್ತುಕೊಂಡು ಅದರಿಂದಲೇ ಅವನ ಮುಂದಿನ ಹಲ್ಲುಗಳನ್ನು ಉದುರಿಸಿದರೆಂಬ ಪ್ರಸಂಗವನ್ನು ಇತಿಹಾಸಕಾರರು ಉಲ್ಲೇಖಿಸುತ್ತಾರೆ. ಹಲ್ಲು ಹೋದ ಕಹಳೆಯವನು ಕಂಠ ಹೋದ ಗಾಯಕನಿದ್ದಂತೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ರೈಖೆ ಇಂಥ ಅರಮನೆಯ ಕಹಳೆಗಾರನಲ್ಲ, ಲೈಪ್‌ಜಿಗ್ ನಗರಸಭೆಯ ವಾದ್ಯಗಾರ ಎಂಬುದು ಇಲ್ಲಿ ಗಮನಾರ್ಹ. ನಗರವಾದ್ಯಗಾರರಿಗೆ ಇಗರ್ಜಿಯ ಸಂಗೀತ, ಮದುವೆಯ ಸಂಗೀತ, ದಿನವೂ ಪುರಭವನದ ಗೋಪುರದಿಂದ ಊದುವ ಕೆಲಸ, ಹೀಗೆ ಹತ್ತೆಂಟು ಹೊಣೆಗಳಿದ್ದವು; ಒಬ್ಬೊಬ್ಬರೂ ಹಲವು ವಾದ್ಯಗಳನ್ನು ನುಡಿಸಬೇಕಿತ್ತು. ಆದರೂ ಆ ಕಾಲದ ಅತ್ಯಂತ ಕಠಿಣವಾದ ಟ್ರಂಪೆಟ್ ಸಂಗೀತದ ಬಹುಭಾಗವನ್ನು ಬಾಖ್ ಬರೆದದ್ದು ರೈಖೆ ಲೈಪ್‌ಜಿಗ್‌ನಲ್ಲಿದ್ದ ವರ್ಷಗಳಲ್ಲಿ.

ವಾದ್ಯಗಳು ಬರುತ್ತಿದ್ದುದು ಹೆಚ್ಚಾಗಿ ನ್ಯೂರೆಂಬರ್ಗ್ ನಗರದಿಂದ. ಷ್ನಿಟ್ಸರ್, ಹೈನ್‌ಲೈನ್, ಹಾಸ್, ಎಹೆ ಮೊದಲಾದ ಮನೆತನಗಳು ತಲೆಮಾರುಗಳ ಕಾಲ ಅಲ್ಲಿ ಹಿತ್ತಾಳೆಯ ತಗಡನ್ನು ಬಡಿದು, ಕೊಳವೆಯಾಗಿ ಸುತ್ತಿ, ಬೆಸುಗೆ ಹಾಕಿ ಟ್ರಂಪೆಟ್ ಮಾಡುತ್ತಿದ್ದವು. ಕಹಳೆಯ ಅರಳಿದ ಬಾಯಿಯ ಸುತ್ತ ತಯಾರಕನ ಹೆಸರು, ಮುದ್ರೆ ಕೆತ್ತಿರುತ್ತಿತ್ತು. ಹಾಸ್ ಮನೆತನದ ಮುದ್ರೆ ಮೊಲ. ಜರ್ಮನ್ ಭಾಷೆಯಲ್ಲಿ 'ಹಾಸೆ' ಎಂದರೆ ಮೊಲ.

ರಣರಂಗದಿಂದ ಸಂಗೀತ ಸಭೆಗೆ

ಮೊದಮೊದಲು ಕಹಳೆಯವರ ಸಂಗೀತ ಕಾಗದದ ಮೇಲಿರಲಿಲ್ಲ. ಮ್ಯೂನಿಕ್ ಅರಮನೆಯ ಮುಖ್ಯ ಕಹಳೆಗಾರ ಚೇಸರೆ ಬೆಂದಿನೆಲ್ಲಿ ತನ್ನ ವಿದ್ಯೆಯನ್ನು ಬರೆದಿಟ್ಟು 1614ರಲ್ಲಿ ಆ ಹಸ್ತಪ್ರತಿಯನ್ನು ಇಟಲಿಯ ವೆರೋನಾದ ಸಂಗೀತ ಅಕಾಡೆಮಿಗೆ ಕೊಟ್ಟ. ಅದಕ್ಕೂ ಮುನ್ನ 1607ರಲ್ಲಿ ಮಾಂಟೆವರ್ಡಿ ತನ್ನ 'ಓರ್ಫೆಯೊ' ಸಂಗೀತನಾಟಕದ ಆರಂಭಕ್ಕೆ ಅರಮನೆಯ ಕಹಳೆವಾದನವನ್ನೇ ತಂದು ಕೂರಿಸಿದ್ದ. 1638ರಲ್ಲಿ ಟಸ್ಕನಿಯ ದೊರೆಯ ಕಹಳೆಗಾರ ಜಿರೋಲಾಮೊ ಫಾಂತಿನಿಯ ಪಠ್ಯಪುಸ್ತಕ ಅಚ್ಚಾಯಿತು. ಅದರಲ್ಲಿ ಯುದ್ಧದ ಕರೆಗಳ ಪಕ್ಕದಲ್ಲೇ ನೃತ್ಯಗಳೂ, ಸೊನಾಟಾಗಳೂ ಇವೆ. ಕಹಳೆ ಕುದುರೆಯಿಂದಿಳಿದು ಕೋಣೆಯೊಳಗೆ ಬಂದಿತ್ತು.

ಮುಂದಿನ ನೂರು ವರ್ಷ ಅದರ ಸುವರ್ಣಯುಗ. ಬೊಲೋನ್ಯಾದ ಸಾನ್ ಪೆಟ್ರೋನಿಯೊ ಇಗರ್ಜಿಗಾಗಿ ಟೊರೆಲ್ಲಿ ಟ್ರಂಪೆಟ್‌ಗೆಂದೇ ಹಲವು ಕೃತಿಗಳನ್ನು ಬರೆದ. ಲಂಡನ್‌ನಲ್ಲಿ ಹೆನ್ರಿ ಪರ್ಸೆಲ್‌ಗೆ ಜಾನ್ ಶೋರ್ ಎಂಬ ಅಪ್ರತಿಮ ವಾದಕ ಸಿಕ್ಕಿದ. ಶ್ರುತಿ ನೋಡಲು ಇಂದಿಗೂ ಬಳಸುವ, ಶಾಲೆಯ ಪ್ರಯೋಗಾಲಯದಲ್ಲಿ ನಾವೆಲ್ಲ ಬಡಿದು ಕಿವಿಗೆ ಹಿಡಿದ ಶ್ರುತಿಕವೆಯನ್ನು 1711ರಲ್ಲಿ ಕಂಡುಹಿಡಿದವನು ಈ ಶೋರ್. ವಕ್ರ ಮೆಟ್ಟಿಲುಗಳನ್ನು ಜೀವನಪೂರ್ತಿ ತುಟಿಯಿಂದ ತಿದ್ದುತ್ತಿದ್ದವನಿಗೆ ಶುದ್ಧ ಶ್ರುತಿಯ ಚಿಂತೆ ಹತ್ತಿದ್ದು ಆಶ್ಚರ್ಯವಲ್ಲ. 1742ರಲ್ಲಿ ಡಬ್ಲಿನ್‌ನಲ್ಲಿ ಮೊದಲ ಪ್ರದರ್ಶನ ಕಂಡ ಹ್ಯಾಂಡೆಲ್‌ನ 'ಮೆಸೈಯಾ'ದಲ್ಲಿ, ಸತ್ತವರನ್ನು ಎಬ್ಬಿಸುವ ಅಂತಿಮ ದಿನದ ಕಹಳೆಯ ಹಾಡಿಗೆ ಸಹಜ ಟ್ರಂಪೆಟ್‌ನದೇ ಜೊತೆ.

ಟ್ರಂಪೆಟ್ ಎಂದರೆ ಕಿವಿ ಗಡಚಿಕ್ಕುವ ಸದ್ದು ಎಂದು ನಾವು ಭಾವಿಸುತ್ತೇವೆ. ಆದರೆ ಒಳ್ಳೆಯ ಕ್ಲಾರಿನೊ ವಾದನ ಮೃದುವಾಗಿತ್ತು, ಹಾಡುವಂತಿತ್ತು. ಇದಕ್ಕೆ ದೊಡ್ಡ ಸಾಕ್ಷಿ 1721ರಲ್ಲಿ ಬಾಖ್ ಅರ್ಪಿಸಿದ ಬ್ರಾಂಡೆನ್‌ಬುರ್ಗ್ ಕನ್ಸರ್ಟೊಗಳಲ್ಲಿ ಎರಡನೆಯದು. ಅದರಲ್ಲಿ ಟ್ರಂಪೆಟ್‌ನ ಸಮಜೋಡಿಯಾಗಿ ನಿಲ್ಲುವ ಮೂರು ವಾದ್ಯಗಳು ಪಿಟೀಲು, ಓಬೊ ಮತ್ತು ಮರದ ಸಣ್ಣ ಕೊಳಲಾದ ರೆಕಾರ್ಡರ್. ಈಗಿನ ಟ್ರಂಪೆಟ್ ಇಟ್ಟು ನುಡಿಸಿದರೆ ಪಾಪ, ಆ ಕೊಳಲು ಇದ್ದೂ ಇಲ್ಲದಂತಾಗುತ್ತದೆ. ಬಾಖ್ ಲೆಕ್ಕ ತಪ್ಪಿದವನಲ್ಲ. ಅವನ ಕಿವಿಯಲ್ಲಿದ್ದ ಟ್ರಂಪೆಟ್ ಬೇರೆಯೇ ಆಗಿತ್ತು. ಅಂಥ ದನಿ ಅವನಿಗೆ ಮನೆಯ ಮಾತೂ ಹೌದು. ಅವನ ಎರಡನೆಯ ಹೆಂಡತಿ ಆನಾ ಮಾಗ್ಡಲೇನಾ ಅರಮನೆಯ ಕಹಳೆಗಾರನ ಮಗಳು.

ರೈಖೆ ಸತ್ತ ಮೂರು ತಿಂಗಳೊಳಗೆ, 1734ರ ಕ್ರಿಸ್‌ಮಸ್ ದಿನ, ಬಾಖ್‌ನ 'ಕ್ರಿಸ್‌ಮಸ್ ಒರಟೋರಿಯೊ' ಆರಂಭವಾದದ್ದೂ ಟ್ರಂಪೆಟ್ ನಗಾರಿಗಳ ಮೊಳಗಿನಿಂದಲೇ. ವಾದಕ ಹೋದರೂ ವಿದ್ಯೆ ಇನ್ನೂ ಊರಲ್ಲಿತ್ತು ಎಂದಾಯಿತು.

ಕೊನೆಯ ವಾರಸುದಾರ

ವಿದ್ಯೆ ಬಹುಕಾಲ ಉಳಿಯಲಿಲ್ಲ. ರೈಖೆ ಹುಟ್ಟಿದ ಊರಾದ ವೈಸನ್‌ಫೆಲ್ಸ್‌ನಲ್ಲೇ, ಅವನು ಕಣ್ಮುಚ್ಚಿದ ವರ್ಷ, ಯೊಹಾನ್ ಅರ್ನ್‌ಸ್ಟ್ ಆಲ್ಟನ್‌ಬುರ್ಗ್ ಎಂಬ ಮಗು ಹುಟ್ಟಿತು. ತಂದೆ ಅಲ್ಲಿನ ಅರಮನೆಯ ಹೆಸರಾಂತ ಕಹಳೆಗಾರ. ಮಗನಿಗೆ ಎಳವೆಯಿಂದಲೇ ಪಾಠ. ಆದರೆ 1746ರಲ್ಲಿ ವಾರಸುದಾರರಿಲ್ಲದೆ ದೊರೆ ತೀರಿಕೊಂಡು ಆ ಅರಮನೆಯೇ ಮುಚ್ಚಿಹೋಯಿತು. ಕಲಿತು ಮುಗಿಸಿದ ಹುಡುಗನಿಗೆ ಆಸ್ಥಾನದಲ್ಲಿ ಕೆಲಸ ಸಿಗಲಿಲ್ಲ. ಏಳು ವರ್ಷದ ಯುದ್ಧದಲ್ಲಿ ಕಹಳೆಗಾರನಾಗಿ ದುಡಿದ. ಕಡೆಗೆ ಬಿಟ್ಟರ್‌ಫೆಲ್ಡ್ ಎಂಬ ಸಣ್ಣ ಊರಿನ ಇಗರ್ಜಿಯಲ್ಲಿ ಆರ್ಗನ್ ನುಡಿಸುವ ಕೆಲಸ ಹಿಡಿದು, ಅಲ್ಲೇ 1801ರಲ್ಲಿ ತೀರಿಕೊಂಡ.

ಅವನು ಮಾಡಿದ ಒಂದು ಕೆಲಸಕ್ಕಾಗಿ ನಾವು ಅವನನ್ನು ನೆನೆಯಬೇಕು. ಕಹಳೆಗಾರರ ಇತಿಹಾಸ, ಹಕ್ಕುಗಳು, ಕಲಿಕೆಯ ಕ್ರಮ, ವಾದನದ ರೀತಿ ಎಲ್ಲವನ್ನೂ ಕೂಡಿಸಿ ಪುಸ್ತಕವೊಂದನ್ನು ಬರೆದ. ಅದು 1795ರಲ್ಲಿ ಹಾಲೆ ನಗರದಲ್ಲಿ ಅಚ್ಚಾಯಿತು. ಸಂಘದ ಬೀಗದೊಳಗಿದ್ದ ವಿದ್ಯೆಯ ಬಗ್ಗೆ ಇಷ್ಟು ವಿವರವಾದ ಪುಸ್ತಕ ಹೊರಬರುವ ಹೊತ್ತಿಗೆ ಅದನ್ನು ಓದಿ ಕಲಿಯುವವರೇ ಉಳಿದಿರಲಿಲ್ಲ.

ಕಾರಣ ಒಂದೇ ಅಲ್ಲ. ಸಣ್ಣ ಸಣ್ಣ ಆಸ್ಥಾನಗಳು ಸೊರಗಿದವು. ಫ್ರೆಂಚ್ ಕ್ರಾಂತಿಯ ನಂತರ ರಾಜವೈಭವದ ಕಹಳೆಗೆ ಹಳೆಯ ಬೆಲೆ ಇಲ್ಲವಾಯಿತು. ಅದಕ್ಕೂ ಮೊದಲೇ ಸಂಗೀತದ ರುಚಿ ಬದಲಾಗಿತ್ತು. ಹೈಡನ್, ಮೊಟ್ಸಾರ್ಟ್‌ರ ಸಿಂಫೊನಿಗಳಲ್ಲಿ ಟ್ರಂಪೆಟ್‌ನ ಪಾಲಿಗೆ ಉಳಿದದ್ದು ನಗಾರಿಯ ಜೊತೆ ಷಡ್ಜ ಪಂಚಮ ಊದಿ ಸದ್ದು ತುಂಬುವ ಕೆಲಸ. 1789ರಲ್ಲಿ ಮೊಟ್ಸಾರ್ಟ್ 'ಮೆಸೈಯಾ'ವನ್ನು ವಿಯೆನ್ನಾದ ಪ್ರದರ್ಶನಕ್ಕೆಂದು ಅಳವಡಿಸುವಾಗ ಆ ಪ್ರಸಿದ್ಧ ಟ್ರಂಪೆಟ್ ಭಾಗವನ್ನು ಬದಲಿಸಿ ಬರೆಯಬೇಕಾಯಿತು. ಹ್ಯಾಂಡೆಲ್ ತೀರಿಕೊಂಡು ಆಗಿನ್ನೂ ಮೂವತ್ತೇ ವರ್ಷ!

ಕ್ಲಾರಿನೊದ ಹೆಸರು ಮಾತ್ರ ವಿಚಿತ್ರ ರೀತಿಯಲ್ಲಿ ಉಳಿಯಿತು. 1700ರ ಸುಮಾರಿಗೆ ಅದೇ ನ್ಯೂರೆಂಬರ್ಗ್‌ನಲ್ಲಿ ಹುಟ್ಟಿದ ಮರದ ವಾದ್ಯವೊಂದರ ದನಿ ದೂರದಿಂದ ಟ್ರಂಪೆಟ್‌ನಂತೆ ಕೇಳುತ್ತಿತ್ತು. ಅದನ್ನು 'ಚಿಕ್ಕ ಕ್ಲಾರಿನೊ' ಎಂಬ ಅರ್ಥದಲ್ಲಿ ಕ್ಲಾರಿನೆಟ್ ಎಂದರು. ನಮ್ಮ ಮದುವೆ ಮೆರವಣಿಗೆಯ ಬ್ಯಾಂಡುಗಳಲ್ಲಿ ಕ್ಲಾರಿಯೊನೆಟ್ ಎಂದು ಕರೆಸಿಕೊಳ್ಳುವುದು ಅದೇ.

ಇತ್ತ ಟ್ರಂಪೆಟ್‌ಗೆ ಎಲ್ಲ ಸ್ವರಗಳನ್ನೂ ಸುಲಭವಾಗಿ ದೊರಕಿಸುವ ಪ್ರಯತ್ನ ನಡೆಯಿತು. ವಿಯೆನ್ನಾದ ಆಂಟನ್ ವೈಡಿಂಗರ್ ಕೊಳವೆಗೆ ರಂಧ್ರ ಕೊರೆದು ಮುಚ್ಚಳದ ಕೀಲಿಗಳನ್ನು ಜೋಡಿಸಿದ. ಅವನಿಗಾಗಿ ಹೈಡನ್ 1796ರಲ್ಲಿ ತನ್ನ ಪ್ರಸಿದ್ಧ ಕನ್ಸರ್ಟೊ ಬರೆದ. 1818ರಲ್ಲಿ ಷ್ಟೋಲ್ಸೆಲ್ ಮತ್ತು ಬ್ಲ್ಯೂಮೆಲ್ ವಾಲ್ವ್‌ಗೆ ಪೇಟೆಂಟ್ ಪಡೆದರು. ಗುಂಡಿ ಒತ್ತಿದರೆ ಕೊಳವೆಯ ಉದ್ದ ಬದಲಾಗುವ ಈ ವ್ಯವಸ್ಥೆ ಬಂದ ಮೇಲೆ ಉದ್ದದ ಕೊಳವೆಯೂ ಬೇಡವಾಯಿತು, ತುಟಿಯ ಹಳೆಯ ವಿದ್ಯೆಯೂ ಬೇಡವಾಯಿತು.

ಚಿತ್ರದಿಂದ ಎದ್ದು ಬಂದ ವಾದ್ಯ

ಹತ್ತೊಂಬತ್ತನೆಯ ಶತಮಾನದಲ್ಲಿ ಬಾಖ್‌ನ ಸಂಗೀತ ಮತ್ತೆ ಬೆಳಕಿಗೆ ಬಂದಾಗ ಸಮಸ್ಯೆ ಎದುರಾಯಿತು. ಕೃತಿಗಳಿದ್ದವು. ಹಳೆಯ ವಾದ್ಯಗಳು ವಸ್ತುಸಂಗ್ರಹಾಲಯಗಳಲ್ಲಿ ನೇತಾಡುತ್ತಿದ್ದವು. ಆಲ್ಟನ್‌ಬುರ್ಗ್‌ನ ಪುಸ್ತಕವೂ ಇತ್ತು. ಊದಬಲ್ಲವರು ಮಾತ್ರ ಇರಲಿಲ್ಲ. 1884ರಲ್ಲಿ ಐಸನಾಖ್‌ನಲ್ಲಿ ಬಾಖ್ ಪ್ರತಿಮೆಯ ಅನಾವರಣಕ್ಕೆ ಬಿ ಮೈನರ್ ಮಾಸ್ ಏರ್ಪಡಿಸಿದಾಗ ಯೂಲಿಯುಸ್ ಕೊಸ್ಲೆಕ್ ಉದ್ದನೆಯ ನೇರ ಟ್ರಂಪೆಟ್ ಒಂದನ್ನು ಊದಿ ಎಲ್ಲರನ್ನೂ ಬೆರಗುಗೊಳಿಸಿದ. ಇದೇ ಬಾಖ್ ಕಾಲದ ಟ್ರಂಪೆಟ್ ಎಂದು ಜನ ನಂಬಿದರು. ವಾಸ್ತವವಾಗಿ ಅದು ವಾಲ್ವ್ ಜೋಡಿಸಿದ ಹೊಸ ವಾದ್ಯ.

ನಿಜವಾದ ಹುಡುಕಾಟ ಶುರುವಾದದ್ದು ಇಪ್ಪತ್ತನೆಯ ಶತಮಾನದಲ್ಲಿ, ಅದೂ ರೈಖೆಯ ಭಾವಚಿತ್ರದಿಂದ. 1960ರ ಸುಮಾರಿಗೆ ಜರ್ಮನಿಯ ಒಟ್ಟೊ ಷ್ಟೈನ್‌ಕೋಫ್ ಮತ್ತು ಹೆಲ್ಮುಟ್ ಫಿಂಕೆ ಚಿತ್ರದಲ್ಲಿದ್ದ ಸುರುಳಿ ಟ್ರಂಪೆಟ್‌ನ ಮಾದರಿಯಲ್ಲಿ ವಾದ್ಯ ಮಾಡಿದರು. ವಾಲ್ಟರ್ ಹೋಲಿ ಅದನ್ನು ನುಡಿಸಿದ. ಆದರೆ ಅವರು ಗುಟ್ಟಾಗಿ ಒಂದು ಅನುಕೂಲ ಸೇರಿಸಿದ್ದರು: ಕೊಳವೆಯಲ್ಲಿ ಮೂರು ಸಣ್ಣ ರಂಧ್ರಗಳು. ರಂಧ್ರ ತೆರೆದರೆ ಪಕ್ಕದ ಮೆಟ್ಟಿಲುಗಳು ಮರೆಯಾಗಿ ಬೇಕಾದ ಸ್ವರ ನಿಶ್ಚಿತವಾಗಿ ಸಿಗುತ್ತದೆ. ಹನ್ನೊಂದು, ಹದಿಮೂರರ ಅಪಶ್ರುತಿಯೂ ಸರಿಹೋಗುತ್ತದೆ. ಇಂದು 'ಬರೋಕ್ ಟ್ರಂಪೆಟ್' ಎಂದು ಧ್ವನಿಮುದ್ರಣಗಳಲ್ಲಿ ಕೇಳುವ ವಾದ್ಯಗಳಲ್ಲಿ ಹೆಚ್ಚಿನವು ಇಂಥ ರಂಧ್ರಗಳುಳ್ಳವೇ. ರೈಖೆಯ ವಾದ್ಯದಲ್ಲಿ ಅವು ಇರಲಿಲ್ಲ.

ರಂಧ್ರವಿಲ್ಲದೆ ಊದುವ ವಿದ್ಯೆಯನ್ನು ಮರಳಿ ಕಟ್ಟಲು ಇನ್ನಷ್ಟು ದಶಕಗಳು ಬೇಕಾದವು. ಅಮೆರಿಕದಲ್ಲಿ ಹುಟ್ಟಿ ಯುರೋಪಿನಲ್ಲಿ ನೆಲೆಸಿದ್ದ ವಾದಕ, ವಿದ್ವಾಂಸ ಎಡ್ವರ್ಡ್ ಟಾರ್ 1974ರಲ್ಲಿ ಆಲ್ಟನ್‌ಬುರ್ಗ್‌ನ ಪುಸ್ತಕವನ್ನು ಇಂಗ್ಲಿಷಿಗೆ ತಂದರು. ಫ್ರಾನ್ಸಿನ ಜಾನ್ ಫ್ರಾನ್ಸ್ವಾ ಮದೂಫ್ ರಂಧ್ರಗಳಿಲ್ಲದ ಟ್ರಂಪೆಟ್‌ನಲ್ಲೇ ಎರಡನೆಯ ಬ್ರಾಂಡೆನ್‌ಬುರ್ಗ್ ಕನ್ಸರ್ಟೊ ನುಡಿಸಿ ಧ್ವನಿಮುದ್ರಿಸಿದರು. ಈ ವಾದನ ಗುಂಡಿಯ ಟ್ರಂಪೆಟ್‌ನಷ್ಟು ನಯವಲ್ಲ. ಕೆಲವು ಸ್ವರಗಳು ನಮ್ಮ ಕಿವಿಗೆ ತುಸು ಒರಟು. ಆದರೆ ಪಕ್ಕದ ಕೊಳಲು ಈಗ ಕೇಳಿಸುತ್ತದೆ.

ಒಂದು ಕಲೆ ಉಳಿಯಲು ಏನು ಬೇಕು ಎಂದು ಕೇಳಿದರೆ ಗ್ರಂಥ ಬೇಕು, ವಾದ್ಯ ಬೇಕು, ಧನಸಹಾಯ ಬೇಕು ಎನ್ನುತ್ತೇವೆ. ಕ್ಲಾರಿನೊ ಕಲೆಯ ಮಟ್ಟಿಗೆ ಗ್ರಂಥ, ವಾದ್ಯ ಎರಡೂ ಉಳಿದವು, ಕಲೆ ಉಳಿಯಲಿಲ್ಲ. ಪುಸ್ತಕ ಓದಿ ಈಜು ಕಲಿಯಲಾಗದು; ಹನ್ನೊಂದನೆಯ ಮೆಟ್ಟಿಲನ್ನು ತುಟಿಯಿಂದ ತಿದ್ದುವುದನ್ನು ತಿದ್ದಬಲ್ಲವನ ಪಕ್ಕದಲ್ಲಿ ಕೂತೇ ಕಲಿಯಬೇಕು. ಸಂಘದ ಬೀಗ ಈ ವಿದ್ಯೆಯನ್ನು ನೂರೈವತ್ತು ವರ್ಷ ಕಾಪಾಡಿತು ನಿಜ. ಆದರೆ ಅರಮನೆ ಬಿದ್ದ ದಿನ ಹೊರಗೆ ಅದನ್ನು ಎತ್ತಿಕೊಳ್ಳುವ ಕೈಗಳಿರಲಿಲ್ಲ. ಗುರುವಿನಿಂದ ಶಿಷ್ಯನಿಗೆ ಹರಿಯುವ ವಿದ್ಯೆ ಒಂದು ತಲೆಮಾರು ನಿಂತರೂ ಸಾಕು, ಮತ್ತೆ ಹರಿಸಲು ಶತಮಾನ ಹಿಡಿಯುತ್ತದೆ.

ರೈಖೆಯ ಚಿತ್ರವನ್ನು ಲೈಪ್‌ಜಿಗ್‌ನ ಹಳೆಯ ಪುರಭವನದ ವಸ್ತುಸಂಗ್ರಹಾಲಯ ಕಾಪಾಡಿಕೊಂಡು ಬಂದಿದೆ. ಅವನು ಸಾಯುವ ಹಿಂದಿನ ರಾತ್ರಿ ಪಂಜಿನ ಬೆಳಕಿನಲ್ಲಿ ಮೊಳಗಿದ ಕೃತಿಯ ಮೊದಲ ಕೋರಸ್‌ನ ಸಂಗೀತವೂ ಕಳೆದುಹೋಗಲಿಲ್ಲ. ಬಾಖ್ ಅದನ್ನೇ ಮುಂದೆ ಬಿ ಮೈನರ್ ಮಾಸ್‌ನ 'ಹೊಸಾನ್ನ' ಭಾಗಕ್ಕೆ ಒಗ್ಗಿಸಿಕೊಂಡ. ಆ ಮಾಸ್ ನಡೆದಲ್ಲೆಲ್ಲ ಮೂರು ಟ್ರಂಪೆಟ್‌ಗಳು ಇಂದಿಗೂ ಅದನ್ನು ಊದುತ್ತವೆ.